ಕಲಬುರಗಿ – ಬೀದರ್ ವಿಮಾನ ನಿಲ್ದಾಣಗಳು: ದೂರ ಮತ್ತು ಪಯಣಕಾಲದ ಚರಿತ್ರೆ

ಕರ್ನಾಟಕದ ಈಶಾನ್ಯ ಭಾಗದ ಎರಡು ಜಿಲ್ಲಾ ಕೇಂದ್ರಗಳಾದ ಕಲಬುರಗಿ ಮತ್ತು ಬೀದರ್‌ಗಳಿಗೆ ಸುಮಾರು ಎರಡೂವರೆ ತಿಂಗಳ ಅಂತರದಲ್ಲಿ ನಾಗರಿಕ ವಿಮಾನಯಾನದ ಸೌಲಭ್ಯ ಒದಗಿತು. ಕಲಬುರಗಿಯ ನಿಲ್ದಾಣ 2019ರ ನವೆಂಬರ್ 22ರಂದು, ಬೀದರಿನದು 2020ರ ಫೆಬ್ರುವರಿ 7ರಂದು ಉದ್ಘಾಟನೆಗೊಂಡವು. ಒಂದು ಕಾಲಕ್ಕೆ ಒಂದೇ ಸುಲ್ತಾನಶಾಹಿಯ ಹಿಂದುಮುಂದಿನ ರಾಜಧಾನಿಗಳಾಗಿದ್ದ ಈ ನಗರಗಳು ಬಹುಕಾಲದ ಬೇಡಿಕೆಯ ನಂತರ ಹೀಗೆ ಜೊತೆಜೊತೆಯಾಗಿ ಆಕಾಶಮಾರ್ಗವನ್ನು ಪಡೆದುದು ಸಂತೋಷದ ಸಂಗತಿಯೇ. ಆದರೆ ಕಲಬುರಗಿಯಿಂದ ಬೀದರಿಗೆ ವಿಮಾನದಲ್ಲಿಯೇ ಹೋಗುತ್ತೇನೆಂದು ಹೊರಟವನು ಮೊದಲು ಬೆಂಗಳೂರಿಗೆ ಹೋಗಿ, ಅಲ್ಲಿಂದ ಮರಳಿ ಉತ್ತರಕ್ಕೆ ಹಾರಬೇಕಾಗಿದ್ದ ಸ್ಥಿತಿ ಇತಿಹಾಸದ ವಿದ್ಯಾರ್ಥಿಗೆ ಒಂದು ಪ್ರಶ್ನೆಯಾಗಿ ಕಾಣುತ್ತದೆ. ಎರಡು ನಿಲ್ದಾಣಗಳ ನಡುವಣ ದೂರವನ್ನೂ ಅದನ್ನು ಕ್ರಮಿಸಲು ಬೇಕಾಗುತ್ತಿದ್ದ ಕಾಲವನ್ನೂ ಬಹಮನಿ ಅರಸರ ದಿನಗಳಿಂದ ಇತ್ತೀಚಿನವರೆಗೆ ಪರಿಶೀಲಿಸಿದರೆ ಈ ಪ್ರಶ್ನೆಗೆ ಕೆಲವು ಉತ್ತರಗಳು ದೊರೆಯುತ್ತವೆ. ಆ ದಿಸೆಯಲ್ಲಿ ಪ್ರಸ್ತುತ ಪ್ರಬಂಧ ಒಂದು ಪ್ರಯತ್ನ.

ಮೊದಲಿಗೆ ದೂರದ ವಿಚಾರ. ಕಲಬುರಗಿಯ ವಿಮಾನ ನಿಲ್ದಾಣವಿರುವುದು ನಗರದ ಪೂರ್ವಕ್ಕೆ, ಸೇಡಂ ರಸ್ತೆಯ ಕಡೆಗೆ, ಶ್ರೀನಿವಾಸ ಸರಡಗಿಯ ಬಳಿ. ಬೀದರಿನ ನಿಲ್ದಾಣ ಊರಿಗೆ ಹೊಂದಿಕೊಂಡಿರುವ ವಾಯುಸೇನೆಯ ನೆಲೆಯ ಅಂಚಿನಲ್ಲಿದೆ. ಅಕ್ಷಾಂಶ, ರೇಖಾಂಶಗಳನ್ನು ಹಿಡಿದು ಲೆಕ್ಕ ಹಾಕಿದರೆ ಇವೆರಡರ ನಡುವಣ ನೇರ ದೂರ ಸುಮಾರು 87 ಕಿಲೋಮೀಟರ್. ಊರಿನಿಂದ ಊರಿಗೆ ಎಣಿಸಿದರೆ ಸುಮಾರು 97 ಕಿಲೋಮೀಟರ್. ಹುಮನಾಬಾದ್, ಕಮಲಾಪುರಗಳ ಮೂಲಕ ಹಾಯುವ ಹೆದ್ದಾರಿಯಲ್ಲಿ ಇದು 110 ಕಿಲೋಮೀಟರನ್ನು ಮೀರುತ್ತದೆ. ಇಬ್ಬರು ನೆರೆಯವರ ನಡುವಣ ದೂರವೆಂದೇ ಇದನ್ನು ಕರೆಯಬೇಕು. ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಇಂದಿನ ಬಸವಕಲ್ಯಾಣ ಎರಡೂ ನಗರಗಳಿಂದ ನೇರದೂರದಲ್ಲಿ ಸುಮಾರು 60 ಕಿಲೋಮೀಟರಿನಷ್ಟಿದೆ. ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಮಳಖೇಡ, ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್. ದಖನ್ನಿನ ಬಹುಭಾಗವನ್ನು ಆಳಿದ ನಾಲ್ಕು ರಾಜಧಾನಿಗಳು ಇಷ್ಟು ಕಿರಿದಾದ ವಲಯದಲ್ಲಿದ್ದುದನ್ನು ನೆನೆದರೆ, ಇದೇ ನಾಡನ್ನು ಇಂದು 'ದೂರದ ಜಿಲ್ಲೆಗಳು' ಎಂದು ಕರೆಯುವ ನಮ್ಮ ರೂಢಿ ವಿಚಿತ್ರವೆನಿಸುತ್ತದೆ. ಯಾವುದರಿಂದ ದೂರ ಎಂಬುದನ್ನು ಆ ಮಾತು ಹೇಳುವುದಿಲ್ಲ.

ಕ್ರಿ.ಶ. 1347ರಲ್ಲಿ ಅಲಾಉದ್ದೀನ್ ಹಸನ್ ಬಹಮನ್ ಷಹನು ಸ್ಥಾಪಿಸಿದ ರಾಜ್ಯಕ್ಕೆ ಕಲಬುರಗಿಯು ರಾಜಧಾನಿಯಾಯಿತು. 1422ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಅಹಮದ್ ಷಹನು ಅದನ್ನು ಬೀದರಿಗೆ ಸ್ಥಳಾಂತರಿಸಿದನು. ಸ್ಥಳಾಂತರದ ವರ್ಷದ ಬಗ್ಗೆ ಏಕಾಭಿಪ್ರಾಯವಿಲ್ಲ; 1424ರಿಂದ 1432ರವರೆಗಿನ ಬೇರೆ ಬೇರೆ ವರ್ಷಗಳನ್ನು ವಿದ್ವಾಂಸರು ಸೂಚಿಸಿದ್ದಾರೆ. ಬಹುಶಃ ಅದು ಒಂದೇ ದಿನದಲ್ಲಿ ನಡೆದ ಕಾರ್ಯವಾಗಿರದೆ ಕೋಟೆ, ಅರಮನೆ, ಕಚೇರಿಗಳು ಸಿದ್ಧವಾದಂತೆ ಹಂತಹಂತವಾಗಿ ಜರುಗಿರಬೇಕು. ಕಾರಣಗಳಲ್ಲಿ ಬೀದರಿನ ಹವೆ, ನೀರು, ಎತ್ತರದ ಪ್ರಸ್ಥಭೂಮಿ ಹಾಗೂ ರಾಜ್ಯದ ನಡುಭಾಗಕ್ಕೆ ಅದು ಸಮೀಪವಾಗಿದ್ದುದು ಮುಖ್ಯವೆಂದು ಹೇಳಲಾಗಿದೆ. ಬೀದರ್ ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಮುಂದೆ ಬಂದ ರೈಲುಮಾರ್ಗದ ಇಂಜಿನಿಯರರಿಗೂ ಈ ಎತ್ತರ ಎದುರಾಯಿತು.

ಈ ದಾರಿಯ ದೂರವನ್ನು ಅಂಕಿಯಲ್ಲಿ ಬರೆದಿಟ್ಟವರಲ್ಲಿ ರಷ್ಯಾದ ತ್ವೇರ್ ಪಟ್ಟಣದ ವರ್ತಕ ಅಫಾನಸಿ ನಿಕಿತಿನ್ ಪ್ರಮುಖನು. 1470ರ ಆಸುಪಾಸಿನಲ್ಲಿ ಬಹಮನಿ ರಾಜ್ಯದಲ್ಲಿ ಸಂಚರಿಸಿದ ಈತನು ಒಂದು ಕುದುರೆಯನ್ನು ಮಾರುವ ಸಲುವಾಗಿ ಜುನ್ನಾರದಿಂದ ಬೀದರಿಗೆ ಬಂದು ಬಹುಕಾಲ ಅಲ್ಲಿ ತಂಗಿದ್ದನು. ಆತನ ಟಿಪ್ಪಣಿಗಳಲ್ಲಿ ದೂರವನ್ನು ಹೇಳುವ ಎರಡು ಕ್ರಮಗಳಿವೆ. ಒಂದು ದಿನಗಳ ಲೆಕ್ಕ, ಇನ್ನೊಂದು 'ಕೋವ್' ಎಂಬ ಮಾನದ ಲೆಕ್ಕ. ಒಂದು ಕೋವ್ ಎಂದರೆ ಹತ್ತು ವೆರ್ಸ್ಟ್ ಎಂದು ಆತನೇ ತನ್ನ ನಾಡಿನವರಿಗಾಗಿ ವಿವರಿಸುತ್ತಾನೆ. ಜುನ್ನಾರದಿಂದ ಬೀದರಿಗೆ 40 ಕೋವ್, ಬೀದರಿನಿಂದ ಕುಲೊಂಗಿರಿಗೆ 9 ಕೋವ್, ಬೀದರಿನಿಂದ ಕಲಬುರಗಿಗೂ 9 ಕೋವ್ ಎಂಬುದು ಆತನ ಪಟ್ಟಿ. ಕುಲೊಂಗಿರಿ ಯಾವ ಊರೆಂಬುದು ಚರ್ಚೆಯ ವಿಷಯ. ಸದ್ಯಕ್ಕೆ ಅದನ್ನು ಬದಿಗಿಡಬಹುದು.

ಈ ಅಂಕಿಗಳನ್ನು ಇಂದಿನ ನಕಾಶೆಯೊಡನೆ ಹೋಲಿಸಿದಾಗ ಅಚ್ಚರಿಯ ಸಾಮ್ಯ ಕಂಡುಬರುತ್ತದೆ. ಈಚಿನ ವೆರ್ಸ್ಟ್ ಅಳತೆಯಂತೆ 9 ಕೋವ್ ಸುಮಾರು 96 ಕಿಲೋಮೀಟರ್ ಆಗುತ್ತದೆ. ನಗರಗಳ ನಡುವಣ ನೇರದೂರ ಮೇಲೆ ಹೇಳಿದಂತೆ 97. ಜುನ್ನಾರದ 40 ಕೋವ್ ಸುಮಾರು 427 ಕಿಲೋಮೀಟರ್. ನಕಾಶೆಯ ಮೇಲೆ ಅದು 410ರ ಆಸುಪಾಸು. ಇದನ್ನು ಅತಿಯಾಗಿ ಎಳೆಯಬಾರದು. ಹದಿನೈದನೆಯ ಶತಮಾನದ ವೆರ್ಸ್ಟ್ ಒಂದೇ ಉದ್ದದ್ದಾಗಿರಲಿಲ್ಲ. ನಡೆದು ಬಂದವನು ಅಳೆದದ್ದು ದಾರಿಯನ್ನೇ ಹೊರತು ಹಕ್ಕಿಯ ಹಾದಿಯನ್ನಲ್ಲ. ನಮ್ಮ ಗಾವುದ, ಹರದಾರಿಗಳ ವಿಷಯದಲ್ಲಿಯೂ ಇದೇ ತೊಡಕಿದೆ. ಆದರೂ ವರ್ತಕನಿಗೆ ಎರಡೂ ಊರುಗಳ ಅಂತರದ ಸರಿಯಾದ ಅಂದಾಜಿತ್ತೆಂಬುದನ್ನು ಒಪ್ಪಬಹುದು.

ಕಾಲದ ಲೆಕ್ಕ ಇನ್ನೂ ಮುಖ್ಯವಾದುದು. ಬೀದರಿನಿಂದ ಕುಲೊಂಗಿರಿಗೆ ಐದು ದಿನ, ಅಲ್ಲಿಂದ ಕಲಬುರಗಿಗೆ ಮತ್ತೆ ಐದು ದಿನ ಎಂದು ನಿಕಿತಿನ್ ಹೇಳುತ್ತಾನೆ. 9 ಕೋವ್ ಕ್ರಮಿಸಲು ಐದು ದಿನ ಬೇಕಾದರೆ, ಅಷ್ಟೇ ದೂರದ ಬೀದರ್–ಕಲಬುರಗಿ ನೇರದಾರಿಗೂ ಐದು ದಿನವೆಂದು ಊಹಿಸುವುದು ತಪ್ಪಾಗಲಾರದು. ದಿನಕ್ಕೆ ಸುಮಾರು 19 ಕಿಲೋಮೀಟರ್. ಸರಕು ಹೊತ್ತ ಎತ್ತುಗಳ ಜೊತೆಗೆ ನಡೆಯುವವರಿಗೆ ಇದು ಸಹಜವಾದ ವೇಗವೇ. ಈ ಐದು ದಿನವೆಂಬ ಅಂದಾಜನ್ನು ಮುಂದಿನ ಹೋಲಿಕೆಗೆ ಆಧಾರವಾಗಿ ಇಟ್ಟುಕೊಳ್ಳೋಣ.

ಬಹಮನಿ ರಾಜ್ಯ ಒಡೆದ ಮೇಲೆ ಕಲಬುರಗಿ ಬಿಜಾಪುರದ ಆದಿಲಶಾಹಿಗೆ, ಬೀದರ್ ಬರೀದಶಾಹಿಗೆ ಸೇರಿ, 1619ರಲ್ಲಿ ಬಿಜಾಪುರವು ಬೀದರನ್ನು ಗೆದ್ದುಕೊಳ್ಳುವವರೆಗೆ ಎರಡೂ ಬೇರೆ ಬೇರೆ ಅರಸರ ಕೈಯಲ್ಲಿದ್ದವು. ಆ ಕಾಲದ ಪಯಣದ ವಿವರಗಳು ಪ್ರಸ್ತುತ ವಿಷಯಕ್ಕೆ ಹೆಚ್ಚಿನದೇನನ್ನೂ ಸೇರಿಸುವುದಿಲ್ಲ.

ದೂರವನ್ನು ದಿನಗಳಿಂದ ಬಿಡಿಸಿ ಶುದ್ಧ ಉದ್ದವಾಗಿ ಅಳೆಯುವ ಕಾರ್ಯ ಈ ನಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ನಡೆಯಿತು. ಅದರ ಒಂದು ಮುಖ್ಯ ಘಟ್ಟ ಬೀದರಿನ ಪರಿಸರದಲ್ಲಿಯೇ ಜರುಗಿತೆಂಬುದು ಸಾಕಷ್ಟು ಪ್ರಚಾರ ಪಡೆದಿಲ್ಲ. 1800ರಲ್ಲಿ ಬೆಂಗಳೂರಿನ ಬಳಿ ಮೊದಲ ಆಧಾರರೇಖೆಯನ್ನು ಅಳೆದ ವಿಲಿಯಂ ಲ್ಯಾಂಬ್ಟನ್, ತ್ರಿಕೋನಮಾಪನವನ್ನು ಉತ್ತರಕ್ಕೆ ಒಯ್ಯುತ್ತ 1815ರಲ್ಲಿ ಬೀದರಿನ ಸಮೀಪದ ದಾಮರಗಿದ್ದದ ಬಳಿ ಇನ್ನೊಂದು ಆಧಾರರೇಖೆಯನ್ನು ಅಳೆದನು. ಜಾರ್ಜ್ ಎವರೆಸ್ಟ್ 1830ರಲ್ಲಿ ಪ್ರಕಟಿಸಿದ ರೇಖಾಂಶ ಚಾಪದ ವರದಿಯು 18 ಡಿಗ್ರಿ 3 ಮಿನಿಟಿನ ಅಕ್ಷಾಂಶದಿಂದ ಮೊದಲಾಗುತ್ತದೆ. ಅದು ಈ ದಾಮರಗಿದ್ದದ ಅಕ್ಷಾಂಶ. 1841ರಲ್ಲಿ ಆಂಡ್ರ್ಯೂ ವಾ ಮತ್ತೊಮ್ಮೆ ಬೀದರಿನ ಆಧಾರರೇಖೆಯನ್ನು, ಈ ಬಾರಿ ಉಕ್ಕಿನ ಸರಪಣಿಗೆ ಬದಲು ಬಿಸಿಲಿಗೆ ಹಿಗ್ಗದಂತೆ ಜೋಡಿಸಿದ ಲೋಹದ ಸಲಾಕೆಗಳಿಂದ, ಅಳೆದನು. ಆಧಾರರೇಖೆಗೆ ಬೇಕಾದುದು ಮೈಲುಗಟ್ಟಲೆ ಸಮತಟ್ಟಾದ ನೆಲ. ವಿಮಾನದ ರನ್‌ವೇಗೆ ಬೇಕಾದುದೂ ಅದೇ. ಬೀದರಿನ ಕೆಮ್ಮುರುಕಲ್ಲಿನ ಪ್ರಸ್ಥಭೂಮಿ ಎರಡಕ್ಕೂ ಒದಗಿಬಂದಿತು.

ಉಗಿಬಂಡಿಯ ಕಾಲದಲ್ಲಿ ಈ ಎರಡು ನಗರಗಳ ಭಾಗ್ಯ ಬೇರೆ ಬೇರೆಯಾಯಿತು. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು 1871ರಲ್ಲಿ ರಾಯಚೂರನ್ನು ತಲಪಿ ಮದ್ರಾಸಿನ ಮಾರ್ಗವನ್ನು ಕೂಡಿಕೊಂಡಿತು. ಸೊಲ್ಲಾಪುರ–ರಾಯಚೂರುಗಳ ನಡುವೆ ಬಿದ್ದ ಕಲಬುರಗಿಗೆ ಹೀಗೆ ಅನಾಯಾಸವಾಗಿ ರೈಲು ದೊರೆಯಿತು. 1874ರಲ್ಲಿ ನಿಜಾಮರ ರೈಲ್ವೆಯು ವಾಡಿಯಿಂದ ಹೈದರಾಬಾದಿಗೆ ಮಾರ್ಗ ಹಾಕಿತು. ಬೀದರ್ ಈ ಎರಡು ಗೆರೆಗಳ ಹೊರಗೆ ಉಳಿಯಿತು. ಅದಕ್ಕೆ ರೈಲು ಬಂದದ್ದು ಸುಮಾರು 1930ರಲ್ಲಿ, ವಿಕಾರಾಬಾದಿನಿಂದ ಕವಲೊಡೆದ ಮಾರ್ಗದಿಂದ. ಅಂದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಲಬುರಗಿಯವನು ಮುಂಬಯಿಗೆ ಹೋಗುವುದು ಬೀದರಿಗೆ ಹೋಗುವುದಕ್ಕಿಂತ ಸುಲಭವಾಗಿತ್ತು. ವಿಕಾರಾಬಾದ್ ಕವಲು ಬಂದ ನಂತರವೂ ರೈಲಿನಲ್ಲಿಯೇ ಹೋಗಬಯಸುವವನು ಬೀದರಿನಿಂದ ಆಗ್ನೇಯಕ್ಕೆ ವಿಕಾರಾಬಾದಿಗೆ ಇಳಿದು, ತಾಂಡೂರು, ವಾಡಿಗಳ ಮೂಲಕ ತಿರುಗಿ ಪಶ್ಚಿಮಕ್ಕೆ ಬರಬೇಕಿತ್ತು. ನೇರದೂರದ ಎರಡು ಪಟ್ಟಿಗೂ ಹೆಚ್ಚಿನ ಸುತ್ತು. ವಿಶೇಷವೆಂದರೆ ಆಡಳಿತದಲ್ಲಿ ಬೀದರ್ ಜಿಲ್ಲೆ ಗುಲಬರ್ಗಾ ವಿಭಾಗಕ್ಕೆ ಸೇರಿತ್ತೆಂದು 1908ರ ಇಂಪೀರಿಯಲ್ ಗೆಜೆಟಿಯರ್ ತಿಳಿಸುತ್ತದೆ. ಕಾಗದದ ಮೇಲೆ ವಿಭಾಗದ ಕೇಂದ್ರ ಕಲಬುರಗಿ. ರೈಲು ಹಳಿಯ ಮೇಲೆ ಬೀದರಿನ ಕೇಂದ್ರ ಹೈದರಾಬಾದು. ಹಳಿಗಳು ಹೈದರಾಬಾದನ್ನು ಮುಂಬಯಿಗೂ, ಬೀದರನ್ನು ಹೈದರಾಬಾದಿಗೂ ಜೋಡಿಸಿದವು. ಈ ಎರಡು ನೆರೆಯೂರುಗಳನ್ನು ಪರಸ್ಪರ ಜೋಡಿಸುವ ಅಗತ್ಯ ಯಾರಿಗೂ ತೋರಲಿಲ್ಲ.

1956ರ ನವೆಂಬರ್ 1ರಂದು ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಿದವು. ಏಕೀಕರಣದ ಹರ್ಷದಲ್ಲಿ ಎದ್ದು ಕಾಣದ ಒಂದು ಪರಿಣಾಮ ದೂರಕ್ಕೆ ಸಂಬಂಧಿಸಿದ್ದಾಗಿತ್ತು. ರೈಲಿನಲ್ಲಿ ಅರ್ಧ ದಿನದೊಳಗೆ ತಲಪಬಹುದಾಗಿದ್ದ ರಾಜಧಾನಿಯ ಬದಲು ಬೀದರಿನವರಿಗೆ ಸುಮಾರು 700 ಕಿಲೋಮೀಟರ್ ಆಚೆಯ ರಾಜಧಾನಿ ದೊರೆಯಿತು. ನ್ಯಾಯಾಲಯದ ಉದಾಹರಣೆಯಿಂದ ಇದನ್ನು ಚೆನ್ನಾಗಿ ತಿಳಿಯಬಹುದು. 1956ಕ್ಕೆ ಮುಂಚೆ ಬೀದರಿನ ಕಕ್ಷಿದಾರನಿಗೆ ಉಚ್ಚ ನ್ಯಾಯಾಲಯ ಹೈದರಾಬಾದಿನಲ್ಲಿತ್ತು. ಆನಂತರ ಅರ್ಧ ಶತಮಾನ ಬೆಂಗಳೂರಿನಲ್ಲಿ. 2008ರ ಜುಲೈನಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂಗೊಂಡ ಪೀಠದಿಂದಾಗಿ ಅದು ಕಲಬುರಗಿಗೆ ಬಂದಿತು. ಒಂದೇ ಜೀವಮಾನದಲ್ಲಿ ಒಂದು ಹೊಲದ ವ್ಯಾಜ್ಯ ಮೂರು ದಿಕ್ಕಿನಲ್ಲಿ, ಮೂರು ಬಗೆಯ ಪಯಣಕಾಲಗಳಲ್ಲಿ ಓಡಾಡಿರಬಹುದು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದಂದಿನಿಂದ ಬೀದರಿನ ವಿದ್ಯಾರ್ಥಿಗಳೂ ಇದೇ ದಾರಿ ಹಿಡಿದರು. ಹೀಗೆ ಕಲಬುರಗಿ–ಬೀದರ್ ನಡುವೆ ನಿಜವಾದ ಸಂಚಾರ ಬೆಳೆದುದು ಕಳೆದ ನಾಲ್ಕೈದು ದಶಕಗಳಲ್ಲಿ. ಅದು ಬೆಳೆದುದು ಬಸ್ಸಿನ ಮೇಲೆ.

ನೇರ ರೈಲುಮಾರ್ಗಕ್ಕೆ ಮಂಜೂರಾತಿ ದೊರೆತದ್ದು 1997–98ರಲ್ಲಿ. 110 ಕಿಲೋಮೀಟರಿನ ಈ ಮಾರ್ಗ 2017ರ ಅಕ್ಟೋಬರ್ 29ರಂದು ಲೋಕಾರ್ಪಣೆಗೊಂಡಿತು. ಇಪ್ಪತ್ತು ವರ್ಷಗಳ ಕಾಮಗಾರಿ, ಅಂತಿಮವಾಗಿ 1,500 ಕೋಟಿ ರೂಪಾಯಿಗಳನ್ನು ಮೀರಿದ ವೆಚ್ಚ, ಪ್ರಸ್ಥಭೂಮಿಯನ್ನು ಏರಲು ಮರಗುತ್ತಿಯ ಬಳಿ ಒಂದು ಸುರಂಗ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ಯಲು ಅಹಮದ್ ಷಹನಿಗೆ ಹಿಡಿದುದಕ್ಕಿಂತ ಹೆಚ್ಚಿನ ಕಾಲ ರೈಲು ಹಳಿಯನ್ನು ಒಯ್ಯಲು ಹಿಡಿಯಿತೆನ್ನಬೇಕು. ಇದರಿಂದ ನಿಕಿತಿನ್‌ನ ಐದು ದಿನಗಳು ಸುಮಾರು ಮೂರು ಗಂಟೆಗಳಾದವು. ಎರಡು ನಗರಗಳನ್ನು ಪರಸ್ಪರ ಕೂಡಿಸುವುದನ್ನೇ ಉದ್ದೇಶವಾಗಿರಿಸಿಕೊಂಡ ಮೊದಲ ದೊಡ್ಡ ಸಾರಿಗೆ ಕಾರ್ಯವೆಂದು ಈ ಮಾರ್ಗಕ್ಕೆ ವಿಶೇಷ ಸ್ಥಾನ ಸಲ್ಲುತ್ತದೆ.

ಇನ್ನು ಆಕಾಶದ ವಿಚಾರ. ಬೀದರಿನ ಹಾರುಗಟ್ಟೆ ಹೊಸದೇನಲ್ಲ. ವಾಯುಸೇನೆಯ ತರಬೇತಿಗೆ ಅದು 1960ರ ದಶಕದಿಂದ ಬಳಕೆಯಲ್ಲಿದೆ. 'ಸೂರ್ಯಕಿರಣ' ವೈಮಾನಿಕ ಪ್ರದರ್ಶನ ತಂಡ 1996ರಲ್ಲಿ ರೂಪುಗೊಂಡದ್ದು ಇಲ್ಲಿಯೇ. ದಿನವೂ ವಿಮಾನದ ಸದ್ದು ಕೇಳುತ್ತಿದ್ದ ಊರಿನವರಿಗೆ ವಿಮಾನ ಹತ್ತುವ ಅವಕಾಶವಿರಲಿಲ್ಲ. ನಾಗರಿಕ ನಿಲ್ದಾಣಕ್ಕಾಗಿ ಕಟ್ಟಿದ ಚಿಕ್ಕ ಕಟ್ಟಡವೂ ಹಲವು ವರ್ಷ ಬಳಕೆಯಿಲ್ಲದೆ ನಿಂತಿತ್ತು. ಅದಕ್ಕೆ ಒಂದು ಪ್ರಮುಖ ಕಾರಣ ದೂರವೇ. ಈ ಸಲ ಅದು ಕರಾರಿನ ರೂಪದಲ್ಲಿ ಬಂದಿತ್ತು.

ಹೈದರಾಬಾದಿನ ಶಂಷಾಬಾದ್ ನಿಲ್ದಾಣಕ್ಕಾಗಿ 2004ರಲ್ಲಿ ಕೇಂದ್ರ ಸರ್ಕಾರವು ಖಾಸಗಿ ನಿರ್ವಾಹಕರೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಆ ನಿಲ್ದಾಣ ತೆರೆದ ದಿನದಿಂದ 25 ವರ್ಷಗಳವರೆಗೆ 150 ಕಿಲೋಮೀಟರ್ ವಾಯುದೂರದೊಳಗೆ ಬೇರೊಂದು ನಿಲ್ದಾಣವನ್ನು ಬೆಳೆಸಲು ಅವಕಾಶ ಕೊಡಲಾಗದೆಂಬ ಷರತ್ತಿತ್ತು. ನಿಲ್ದಾಣ ತೆರೆದುದು 2008ರ ಮಾರ್ಚಿನಲ್ಲಿ. ಆದುದರಿಂದ ಷರತ್ತಿನ ಅವಧಿ 2033ರವರೆಗೆ. ಶಂಷಾಬಾದಿನಿಂದ ಬೀದರಿನ ನಿಲ್ದಾಣಕ್ಕೆ ನೇರದೂರ ಸುಮಾರು 124 ಕಿಲೋಮೀಟರ್. ಕಲಬುರಗಿಯ ನಿಲ್ದಾಣಕ್ಕೆ ಸುಮಾರು 156. ಒಂದು ವೃತ್ತದ ಒಳಗೆ, ಇನ್ನೊಂದು ಕೂದಲೆಳೆಯಷ್ಟು ಹೊರಗೆ. ಬೆಂಗಳೂರಿನ ಹೊಸ ನಿಲ್ದಾಣದ ಒಪ್ಪಂದದಲ್ಲಿಯೂ ಇಂಥದೇ ಷರತ್ತಿದ್ದು, ಅದರಲ್ಲಿ ಮೈಸೂರು ಮತ್ತು ಹಾಸನಗಳಿಗೆ ಮೊದಲೇ ವಿನಾಯಿತಿ ದೊರೆತಿತ್ತು. ಬೀದರಿಗೆ ಅಂಥ ವಿನಾಯಿತಿಯನ್ನು ಕೇಳುವವರು ಹೈದರಾಬಾದಿನ ಮೇಜಿನ ಬಳಿ ಇರಲಿಲ್ಲ. 1956ರಲ್ಲಿ ಬಿಟ್ಟುಬಂದ ರಾಜಧಾನಿಯು ಅರ್ಧ ಶತಮಾನದ ಮೇಲೆ ಒಂದು ಕರಾರಿನ ಗೆರೆಯಿಂದ ಬೀದರಿನ ಆಕಾಶವನ್ನು ಹಿಡಿದು ನಿಲ್ಲಿಸಿತ್ತು. ನಿರ್ವಾಹಕರ ಒಪ್ಪಿಗೆ ದೊರೆತ ಮೇಲೆಯೇ 2020ರಲ್ಲಿ ಸೇವೆ ಸಾಧ್ಯವಾಯಿತು. ಲ್ಯಾಂಬ್ಟನ್ ಮತ್ತು ವಾ ಅಷ್ಟು ಕಷ್ಟಪಟ್ಟು ಖಚಿತಗೊಳಿಸಿದ ನೇರದೂರವು ಅದೇ ಊರಿನ ಪಾಲಿಗೆ ಹೀಗೆ ಅಡ್ಡಿಯಾದುದು ಗಮನಿಸಬೇಕಾದ ಅಂಶ.

ಕಲಬುರಗಿಗೆ ಇಂತಹ ಅಡ್ಡಿಯಿರಲಿಲ್ಲ. ಆದರೂ ಅಲ್ಲಿ 2008ರಲ್ಲಿ ಅಡಿಗಲ್ಲು ಬಿದ್ದ ನಿಲ್ದಾಣ ಮುಗಿಯಲು ಹನ್ನೊಂದು ವರ್ಷ ಬೇಕಾಯಿತು. ಮೂರು ಕಿಲೋಮೀಟರಿಗಿಂತ ಉದ್ದದ ರನ್‌ವೇಯನ್ನು ಕೊನೆಗೆ ಕಟ್ಟಿ ಮುಗಿಸಿದ್ದು ರಾಜ್ಯದ ಲೋಕೋಪಯೋಗಿ ಇಲಾಖೆ.

ಎರಡೂ ನಿಲ್ದಾಣಗಳ ಸೇವೆ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ನೆರವಿನಿಂದ ಬೆಂಗಳೂರಿನ ಕಡೆಗೆ ಆರಂಭವಾಯಿತು. ಕಲಬುರಗಿಯಿಂದ ಮುಂದೆ ತಿರುಪತಿಗೂ ದೆಹಲಿಯ ಬಳಿಯ ಹಿಂಡನ್ನಿಗೂ ವಿಮಾನಗಳು ಹಾರಿದವು. ಬೀದರಿಗೆ ಹಾರಲಿಲ್ಲ. 2016ರಲ್ಲಿ ಪ್ರಕಟವಾದ ಉಡಾನ್ ಯೋಜನೆಯ ಮೂಲ ರೂಪದಲ್ಲಿ ನೆರವಿಗೆ ಅರ್ಹವಾದ ಮಾರ್ಗದ ಉದ್ದ 200ರಿಂದ 800 ಕಿಲೋಮೀಟರ್. ಗುಡ್ಡಗಾಡು, ದ್ವೀಪ, ದುರ್ಗಮ ಹಾಗೂ ಗಡಿಭದ್ರತೆಯ ಪ್ರದೇಶಗಳಿಗೆ ಮಾತ್ರ ಕನಿಷ್ಠ ಮಿತಿಯಿಲ್ಲ. 87 ಕಿಲೋಮೀಟರಿನ ಮಾರ್ಗ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಹೈದರಾಬಾದಿನ ಒಪ್ಪಂದಕ್ಕೆ ಬೀದರ್ ತೀರ ಹತ್ತಿರವಾಗಿತ್ತು. ಉಡಾನಿನ ನಿಯಮಕ್ಕೆ ಕಲಬುರಗಿಯೂ ಬೀದರೂ ಒಂದಕ್ಕೊಂದು ತೀರ ಹತ್ತಿರವಾದವು. ಬೆಂಗಳೂರಿಗೆ ಮಾತ್ರ ಎರಡೂ ದೂರ.

ನಿಯಮದ ಹಿಂದೆ ಅರ್ಥವಿಲ್ಲದಿಲ್ಲ. ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದ ಎ.ಟಿ.ಆರ್. ಮಾದರಿಯ ವಿಮಾನಕ್ಕೆ 87 ಕಿಲೋಮೀಟರ್ ಹತ್ತು ನಿಮಿಷದ ಮಾತು. ಏರುವುದು, ಇಳಿಯುವುದು, ಸರದಿ ಸೇರಿದರೂ ಅರ್ಧ ಗಂಟೆ. ಇಂಧನದ ಹೆಚ್ಚು ಪಾಲು ಏರುವುದರಲ್ಲಿಯೇ ಕಳೆಯುವುದರಿಂದ ಇಷ್ಟು ಕಿರಿದಾದ ಹಾರಾಟ ನಷ್ಟದ್ದು. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆ ಮತ್ತು ಪಾಪಾ ವೆಸ್ಟ್ರೆಗಳ ನಡುವೆ, ಮೂರು ಕಿಲೋಮೀಟರಿಗೂ ಕಡಿಮೆ ದೂರಕ್ಕೆ, ಎರಡು ನಿಮಿಷದೊಳಗಿನ ನಿಯಮಿತ ವಿಮಾನಸೇವೆ 1967ರಿಂದ ನಡೆದುಬಂದಿದೆ. ಆದರೆ ಅಲ್ಲಿ ನಡುವೆ ಸಮುದ್ರವಿದೆ. ಇಲ್ಲಿ ನಡುವೆ ಇರುವುದು ತೊಗರಿಯ ಹೊಲಗಳು.

ಆದ್ದರಿಂದ ನೇರ ವಿಮಾನವಿಲ್ಲವೆಂಬುದನ್ನೇ ಅನ್ಯಾಯವೆಂದು ಹೇಳುವುದು ಈ ಲೇಖಕನ ಅಭಿಪ್ರಾಯವಲ್ಲ. ಗಮನಿಸಬೇಕಾದುದು ಜಾಲದ ಆಕಾರವನ್ನು. ಕಲಬುರಗಿಯಿಂದ ಬೆಂಗಳೂರಿಗೆ ಸುಮಾರು 462 ಕಿಲೋಮೀಟರ್, ಅಲ್ಲಿಂದ ಬೀದರಿಗೆ ಸುಮಾರು 522. ಒಟ್ಟು 984, ನೇರದೂರದ ಹನ್ನೊಂದು ಪಟ್ಟು. ತಲಾ ಒಂದೂಕಾಲು ಗಂಟೆಯ ಎರಡು ಹಾರಾಟ, ನಗರದಿಂದ ನಿಲ್ದಾಣಕ್ಕೆ ಹೋಗಿ ಕಾಯುವ ಹೊತ್ತು, ಬೆಂಗಳೂರಿನಲ್ಲಿ ಮುಂದಿನ ವಿಮಾನಕ್ಕಾಗಿ ಕಾಯುವ ಹೊತ್ತು ಸೇರಿದರೆ ಅನುಕೂಲವಾದ ದಿನದಲ್ಲಿಯೂ ಐದಾರು ಗಂಟೆ ಬೇಕಾಗುತ್ತಿತ್ತು. ಬಸ್ಸಿನ ಎರಡರಷ್ಟು ಕಾಲ. 1930ರಲ್ಲಿ ವಿಕಾರಾಬಾದ್, ವಾಡಿಗಳ ಮೂಲಕ ಸುತ್ತುತ್ತಿದ್ದ ರೈಲಿನ ಆಕಾರವೇ ಇಲ್ಲಿ ದೊಡ್ಡದಾಗಿ ಮರುಕಳಿಸಿದೆ. ಹೈದರಾಬಾದಿನ ಜಾಗದಲ್ಲಿ ಬೆಂಗಳೂರು ಬಂದಿದೆ, ಅಷ್ಟೇ.

ಆ ಬೆಂಗಳೂರಿನ ಎಳೆಯೂ ಗಟ್ಟಿಯಾಗಿರಲಿಲ್ಲ. ಉಡಾನಿನ ನೆರವು ಒಂದು ಮಾರ್ಗಕ್ಕೆ ಮೂರು ವರ್ಷಗಳಿಗೆ ಮಾತ್ರ. ಬೀದರಿನಲ್ಲಿ ಸೇವೆ ಆರಂಭಿಸಿದ ಸಂಸ್ಥೆ 2022ರಲ್ಲಿ ಹಾರಾಟ ನಿಲ್ಲಿಸಿತು. ಅದೇ ವರ್ಷ ಇನ್ನೊಂದು ಸಂಸ್ಥೆ ಬಂದು, 2023ರ ಕೊನೆಗೆ ಅದೂ ನಿಂತು, 2025ರ ಏಪ್ರಿಲ್‌ನಲ್ಲಿ ಮತ್ತೆ ಆರಂಭವಾಯಿತು. ನಡುವಿನ ತಿಂಗಳುಗಳಲ್ಲಿ ಬೀದರಿನಿಂದ ವಿಮಾನ ಹತ್ತಬಯಸಿದವರು ಹಳೆಯ ಅಭ್ಯಾಸದಂತೆ ಹೈದರಾಬಾದಿನ ದಾರಿ ಹಿಡಿದರು. ಕಲಬುರಗಿಯ ಪೀಠದಲ್ಲಿ ವ್ಯಾಜ್ಯವಿದ್ದವರಿಗೆ ಇದರಿಂದ ಹೆಚ್ಚಿನ ವ್ಯತ್ಯಾಸವೇನೂ ಆಗಲಿಲ್ಲ. ನಸುಕಿನಲ್ಲಿ ಬಸ್ಸು ಹತ್ತಿದರೆ ಹುಮನಾಬಾದ್, ಕಮಲಾಪುರಗಳನ್ನು ದಾಟಿ ಕಲಾಪ ಆರಂಭವಾಗುವ ಮುನ್ನ ಕಲಬುರಗಿಯಲ್ಲಿ ಇಳಿಯಬಹುದು.